ಅರಕ್ಕೋಣಂನಿಂದ ಬರುವವರೆಗೆ

ಅರಕ್ಕೋಣಂನಿಂದ ಸೂಲೂರಿಗೆ ರಸ್ತೆಯಲ್ಲಿ 400 ಕಿಲೋಮೀಟರಿಗೂ ಹೆಚ್ಚು ದೂರ. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ, ಅಂದರೆ ಎನ್‌ಡಿಆರ್‌ಎಫ್‌ನ, ನಾಲ್ಕನೇ ಬೆಟಾಲಿಯನ್ ಇರುವುದು ಅರಕ್ಕೋಣಂನಲ್ಲಿ. ಪ್ರವಾಹ, ಕಟ್ಟಡ ಕುಸಿತ, ವಿಷಾನಿಲ, ಎಲ್ಲಕ್ಕೂ ತರಬೇತಿ ಪಡೆದ ಆ ಜನರ ಬಗ್ಗೆ ನನಗೆ ಬಹಳ ಗೌರವವಿದೆ. ಚಂಡಮಾರುತವಾದರೆ ಎರಡು ಮೂರು ದಿನ ಮೊದಲೇ ಸುದ್ದಿ ಸಿಗುತ್ತದೆ, ಅವರು ಹೊರಟು ಬಂದು ಕರಾವಳಿಯಲ್ಲಿ ಕಾದು ನಿಲ್ಲುವಷ್ಟು ಹೊತ್ತು ಇರುತ್ತದೆ. ಅನಿಲ ಸೋರಿಕೆ ಹೇಳಿ ಕೇಳಿ ಬರುವುದಿಲ್ಲ. ಸೋರಲು ಶುರುವಾದ ಮೊದಲ ಅರ್ಧ ಗಂಟೆಯಲ್ಲಿ ಹತ್ತಿರ ಯಾರಿದ್ದಾರೆ, ಅವರಿಗೆ ಏನು ಗೊತ್ತಿದೆ, ಅವರ ಕೈಯಲ್ಲಿ ಏನಿದೆ ಎಂಬುದೇ ಸಾವು ಬದುಕನ್ನು ತೀರ್ಮಾನಿಸುತ್ತದೆ.

ನಾನು ಸೂಲೂರಿನವನು. ಮನೆಮಾತು ಕನ್ನಡ. ಕೊಯಮತ್ತೂರು ಸೀಮೆಯ ದೇವಾಂಗರ ಮನೆಗಳಲ್ಲಿ ಇಂದಿಗೂ ಆಡುವ, ತಮಿಳು ಬೆರೆತ ಕನ್ನಡ. ಅಪ್ಪ ಮಗ್ಗದಲ್ಲಿ ಕೂತವರು. ನಾನು ರಸಾಯನಶಾಸ್ತ್ರ ಓದಿ, ತಿರುಪ್ಪೂರು ಕಡೆಯ ಬಣ್ಣದ ಕಾರ್ಖಾನೆಗಳ ಲ್ಯಾಬಿನಲ್ಲಿ ನಿವೃತ್ತಿಯವರೆಗೂ ದುಡಿದೆ. ಬಟ್ಟೆಗೆ ಯಾವ ಬಣ್ಣ ಎಷ್ಟು ಹಿಡಿಯುತ್ತದೆ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಅದರ ಜೊತೆಗೆ ಕೆಮಿಕಲ್ ಗೋದಾಮಿನ ಕೀಲಿಯೂ ಬಹುಕಾಲ ನನ್ನ ಬಳಿಯೇ ಇತ್ತು. ಆ ಗೋದಾಮನ್ನು ಬಲ್ಲವನಾಗಿ ಇದನ್ನು ಬರೆಯುತ್ತಿದ್ದೇನೆ. ಕೊಯಮತ್ತೂರು ಮತ್ತು ತಿರುಪ್ಪೂರು ಎರಡಕ್ಕೂ ಸೇರಿ, ಸೂಲೂರಿನ ಆಸುಪಾಸಿನಲ್ಲಿ ನೆಲೆ ನಿಂತ, ರಾಸಾಯನಿಕ ಅಪಘಾತಗಳಿಗೆಂದೇ ತರಬೇತಿ ಪಡೆದ ಪೂರ್ಣಾವಧಿ ತುರ್ತು ತಂಡವೊಂದು ಬೇಕು. ಹಗಲು ರಾತ್ರಿ ಪಾಳಿಯಲ್ಲಿ ಇರುವ ತಂಡ. ಬೇರೆ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುವ ತಂಡದಿಂದ ಈ ಕೆಲಸ ಆಗುವುದಿಲ್ಲ.

2025ರ ಜನವರಿ 3ರ ಬೆಳಗಿನ ಜಾವ ಕೊಯಮತ್ತೂರಿನ ಅವಿನಾಶಿ ರಸ್ತೆಯ ಮೇಲ್ಸೇತುವೆಯಲ್ಲಿ ನಡೆದದ್ದನ್ನು ನೆನೆಯಿರಿ. ಕೊಚ್ಚಿಯಿಂದ ಸುಮಾರು 18 ಟನ್ ಎಲ್‌ಪಿಜಿ ಹೊತ್ತು ಬಂದ ಬುಲೆಟ್ ಟ್ಯಾಂಕರ್ ತಿರುವಿನಲ್ಲಿ ಲಾರಿಯಿಂದ ಕಳಚಿ ಮಗುಚಿ ಬಿತ್ತು. ಅನಿಲ ಸೋರತೊಡಗಿತು. ಅಗ್ನಿಶಾಮಕ ದಳದವರು ಗಂಟೆಗಟ್ಟಲೆ ನೀರು ಚಿಮ್ಮಿಸುತ್ತ ನಿಂತರು. ರಸ್ತೆಗಳನ್ನು ಮುಚ್ಚಿದರು, ಹತ್ತಿರದ ಶಾಲೆಗಳಿಗೆ ರಜೆ ಕೊಟ್ಟರು. ತೈಲ ಕಂಪನಿಯ ತಜ್ಞರು ಬಂದು ಸೋರಿಕೆ ತಡೆದರು. ಸುಮಾರು ಹತ್ತು ಗಂಟೆಗಳ ಹೋರಾಟದ ಬಳಿಕ ಕ್ರೇನ್‌ಗಳಿಂದ ಟ್ಯಾಂಕರನ್ನು ಎತ್ತಿ ಸಾಗಿಸಿದರು. ಒಂದು ಜೀವವೂ ಹೋಗಲಿಲ್ಲ. ಆ ದಿನ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ಈ ನಗರ ಋಣಿ.

ಆದರೆ ಆ ಅಪಘಾತ ಆದದ್ದು ರಸ್ತೆ ಖಾಲಿಯಿದ್ದ ನಸುಕಿನಲ್ಲಿ. ಅದಕ್ಕೆ ಸರಿಯಾಗಿ ಎರಡು ವಾರ ಮೊದಲು, 2024ರ ಡಿಸೆಂಬರ್ 20ರಂದು, ಜೈಪುರ–ಅಜ್ಮೇರ್ ಹೆದ್ದಾರಿಯಲ್ಲಿ ಲಾರಿಯೊಂದು ಎಲ್‌ಪಿಜಿ ಟ್ಯಾಂಕರಿಗೆ ಗುದ್ದಿತ್ತು. ಅನಿಲ ಹರಡಿ ಹೊತ್ತಿಕೊಂಡು ಹತ್ತಾರು ವಾಹನಗಳು, ಅವುಗಳ ಒಳಗಿದ್ದವರು ಸುಟ್ಟುಹೋದರು. ಕರ್ನಾಟಕದ ಓದುಗರಿಗೆ ಅಷ್ಟು ದೂರದ ಉದಾಹರಣೆ ಬೇಕಿಲ್ಲ. 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಪೆರ್ನೆಯಲ್ಲಿ ತಿರುವಿನಲ್ಲಿ ಮಗುಚಿದ ಟ್ಯಾಂಕರಿನ ಅನಿಲ ರಸ್ತೆ ಪಕ್ಕದ ಮನೆಗಳಿಗೆ ನುಗ್ಗಿ ಹೊತ್ತಿಕೊಂಡಿತು. ಮನೆಯಲ್ಲಿ ತಮ್ಮ ಪಾಡಿಗೆ ತಾವಿದ್ದವರೂ ಸತ್ತರು. ಎಲ್‌ಪಿಜಿ ಗಾಳಿಗಿಂತ ಭಾರ. ದ್ರವವಾಗಿದ್ದದ್ದು ಅನಿಲವಾದಾಗ ಸುಮಾರು 250 ಪಟ್ಟು ಹಿಗ್ಗುತ್ತದೆ, ಮೇಲಕ್ಕೆ ಹೋಗದೆ ನೆಲದುದ್ದಕ್ಕೂ ತಗ್ಗು ಹುಡುಕುತ್ತ ಚರಂಡಿ, ಅಂಗಳ, ಅಡುಗೆಮನೆಗಳತ್ತ ಹರಿಯುತ್ತದೆ. ಇದನ್ನು ಬಲ್ಲವರು ಗಾಳಿ ಯಾವ ಕಡೆಗಿದೆ, ತಗ್ಗು ಎಲ್ಲಿದೆ ಎಂದು ಮೊದಲು ನೋಡುತ್ತಾರೆ. ಅರಿಯದವರು ಟ್ಯಾಂಕರಿನ ಹತ್ತಿರ ಓಡಿಹೋಗಿ ಫೋಟೊ ತೆಗೆಯುತ್ತಾರೆ.

ಸೂಲೂರು ಏಕೆ ಎಂದು ನೀವು ಕೇಳಬಹುದು. ಭೂಪಟದಲ್ಲಿ ನೋಡಿದರೆ ಉತ್ತರ ಸಿಗುತ್ತದೆ. ತಿರುಚ್ಚಿ ರಸ್ತೆ ನಮ್ಮೂರಿನ ನಡುವೆಯೇ ಹಾದುಹೋಗುತ್ತದೆ. ಸೇಲಂ–ಕೊಚ್ಚಿ ಹೆದ್ದಾರಿ ಪಕ್ಕದ ನೀಲಂಬೂರಿನಲ್ಲಿ ಬೈಪಾಸಿಗೆ ಹೊರಳುತ್ತದೆ. ಕೊಚ್ಚಿಯಿಂದ ಪೆಟ್ರೋಲ್, ಡೀಸೆಲ್ ತರುವ ಪೈಪ್‌ಲೈನ್ ಇರುಗೂರಿನ ಟರ್ಮಿನಲ್‌ಗೆ ಬಂದು ಮುಂದೆ ಕರೂರಿಗೆ ಹೋಗುತ್ತದೆ. ಅದೇ ಇರುಗೂರಿನಿಂದ ಬೆಂಗಳೂರಿನ ಬಳಿಯ ದೇವನಗೊಂದಿಗೆ ಇನ್ನೊಂದು ಪೈಪ್‌ಲೈನ್ ಎಳೆಯುವ ಯೋಜನೆಗೆ ಈ ಭಾಗದ ರೈತರು, ಹೊಲದ ನಡುವೆ ಬೇಡ, ಹೆದ್ದಾರಿಯ ಅಂಚಿನಲ್ಲಿ ಹಾಕಿ ಎಂದು ವರ್ಷಗಳಿಂದ ಒತ್ತಾಯಿಸುತ್ತ ಬಂದಿದ್ದಾರೆ. ಸುತ್ತಮುತ್ತ ನೂಲಿನ ಗಿರಣಿಗಳು, ಸೋಮನೂರಿನ ಪವರ್‌ಲೂಮುಗಳು, ಹತ್ತಿಯ ಗೋದಾಮುಗಳು, ಪೂರ್ವಕ್ಕೆ ಪಲ್ಲಡಂ ದಾಟಿದರೆ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು. ಇವೆಲ್ಲದರ ನಡುವೆ ವಾಯುಪಡೆಯ ನೆಲೆ.

ಆ ಸೇಲಂ–ಕೊಚ್ಚಿ ಹೆದ್ದಾರಿಯಲ್ಲಿ 2020ರ ಫೆಬ್ರುವರಿ 20ರ ನಸುಕಿನಲ್ಲಿ, ಅವಿನಾಶಿಯ ಹತ್ತಿರ, ಬೆಂಗಳೂರಿನಿಂದ ಎರ್ನಾಕುಲಂಗೆ ಹೊರಟಿದ್ದ ಕೇರಳ ಸಾರಿಗೆಯ ಬಸ್ಸಿಗೆ ಎದುರು ಬದಿಯಿಂದ ಕಂಟೇನರ್ ಲಾರಿ ನುಗ್ಗಿ 19 ಜನ ತೀರಿಕೊಂಡರು. ಆ ಲಾರಿಯಲ್ಲಿ ಇದ್ದದ್ದು ಟೈಲ್ಸ್. ಅದೇ ರಸ್ತೆಯಲ್ಲಿ ದಿನವೂ ಆಸಿಡ್, ಪೆರಾಕ್ಸೈಡ್, ಕ್ಲೋರಿನ್ ಸಿಲಿಂಡರ್ ಹೊತ್ತ ಲಾರಿಗಳೂ ಓಡುತ್ತವೆ. ಅಂಥ ವಾಹನಗಳ ಮೇಲೆ ನಾಲ್ಕಂಕಿಯ ಸಂಖ್ಯೆ ಬರೆದಿರಬೇಕೆಂದು ಮೋಟಾರು ವಾಹನ ನಿಯಮ ಹೇಳುತ್ತದೆ. 1075 ಎಂದಿದ್ದರೆ ಎಲ್‌ಪಿಜಿ, 1203 ಪೆಟ್ರೋಲ್, 1017 ಕ್ಲೋರಿನ್. ಆ ಅಂಕಿಯನ್ನು ದೂರದಿಂದಲೇ ಓದಿ, ಏನು ಮಾಡಬೇಕು, ಏನು ಮಾಡಲೇಬಾರದು ಎಂದು ಆ ಕ್ಷಣದಲ್ಲೇ ಹೇಳಬಲ್ಲವರು ಅಪಘಾತದ ಜಾಗಕ್ಕೆ ಎಷ್ಟು ಬೇಗ ತಲುಪುತ್ತಾರೆ ಎಂಬುದು ನನ್ನ ಪ್ರಶ್ನೆ.

ಗೋದಾಮಿನ ಮಾತಿಗೆ ಬರುತ್ತೇನೆ. ಬಣ್ಣದವರು ಹೈಡ್ರೋಸ್ ಎಂದು ಕರೆಯುವ ಬಿಳಿ ಪುಡಿಯೊಂದಿದೆ, ಸೋಡಿಯಂ ಹೈಡ್ರೋಸಲ್ಫೈಟ್. ತಪ್ಪಿ ಹಿಡಿದ ಬಣ್ಣವನ್ನು ಬಟ್ಟೆಯಿಂದ ಕಳೆಯಲು, ಮಷಿನ್ ತೊಳೆಯಲು ಬಳಸುತ್ತಾರೆ. ಡ್ರಮ್ಮಿನೊಳಗೆ ಒಂದಿಷ್ಟು ತೇವ ಸೇರಿದರೆ ಸಾಕು, ಪುಡಿ ಒಳಗಿನಿಂದ ಬಿಸಿಯಾಗಿ, ಗಂಧಕದ ಘಾಟು ಹೊಗೆ ಕಾರುತ್ತ ಹೊತ್ತಿಕೊಳ್ಳುತ್ತದೆ. ಬೆಂಕಿ ಕಂಡರೆ ಬಕೆಟ್ ನೀರು ತರುವುದು ಮನುಷ್ಯನ ಸ್ವಭಾವ. ಈ ಪುಡಿಗೆ ಬಕೆಟ್ ನೀರು ಸುರಿದರೆ ಬೆಂಕಿ ಹೆಚ್ಚುತ್ತದೆ. ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ ಮಳೆಗಾಲದ ರಾತ್ರಿಪಾಳಿಯಲ್ಲಿ ಹೀಗಾಯಿತು. ಸೂರು ಸೋರಿ ಒಂದು ಡ್ರಮ್ ಹೊಗೆಯಾಡತೊಡಗಿತ್ತು. ಹುಡುಗರು ನೀರಿನ ಪೈಪ್ ಎಳೆದುಕೊಂಡು ಓಡಿಬಂದರು. ಅಲ್ಲಿದ್ದ ಹಿರಿಯ ಕೆಲಸಗಾರರೊಬ್ಬರು ಅವರನ್ನು ಗದರಿಸಿ ನಿಲ್ಲಿಸಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಕೈಗಾಡಿಯಲ್ಲಿ ಡ್ರಮ್ಮನ್ನು ಬಯಲಿಗೆ ತಳ್ಳಿಕೊಂಡು ಹೋಗಿ ಒಣ ಮರಳು ಸುರಿದರು. ಅವರು ಐದನೇ ತರಗತಿಯವರೆಗೆ ಓದಿದವರು. ಅದೇ ಕೋಣೆಯ ಇನ್ನೊಂದು ಗೋಡೆಗೆ ಪೆರಾಕ್ಸೈಡ್ ಕ್ಯಾನುಗಳನ್ನು ಜೋಡಿಸಿತ್ತು. ಪೆರಾಕ್ಸೈಡ್ ತಾನು ಉರಿಯುವುದಿಲ್ಲ, ಉರಿಯುವುದಕ್ಕೆಲ್ಲ ಆಮ್ಲಜನಕ ಒದಗಿಸುತ್ತದೆ. ಎರಡೂ ಸೇರಿದ್ದರೆ ಆ ಪಾಳಿಯ ಹುಡುಗರಲ್ಲಿ ಎಷ್ಟು ಜನ ಬೆಳಗ್ಗೆ ಮನೆಗೆ ಹೋಗುತ್ತಿದ್ದರೋ.

ಬಾಡಿಗೆ ಕಟ್ಟಡಗಳಲ್ಲಿ, ಮನೆಗಳ ಸಾಲಿನ ನಡುವೆ ನಡೆಯುವ ಚಿಕ್ಕ ಘಟಕಗಳಲ್ಲಿ ಇಂಥ ಡ್ರಮ್ಮುಗಳು ಏನೇನಿವೆ, ಎಲ್ಲೆಲ್ಲಿವೆ ಎಂಬ ಪಟ್ಟಿ ಬೆಂಕಿ ಆರಿಸಲು ಬರುವವರ ಕೈಯಲ್ಲಿ ಇರಬೇಕು. 101ಕ್ಕೆ ಕರೆ ಮಾಡಿದಾಗ ಬರುವ ಅಗ್ನಿಶಾಮಕ ಸಿಬ್ಬಂದಿ ಧೈರ್ಯವಂತರು, ನೂರಾರು ಬೆಂಕಿ ಕಂಡವರು. ಆದರೆ ಅವರು ಅದೇ ದಿನ ಬಾವಿಗೆ ಬಿದ್ದ ಹಸುವನ್ನು ಎತ್ತಿರುತ್ತಾರೆ, ಹತ್ತಿ ಗೋದಾಮಿನ ಬೆಂಕಿ ಆರಿಸಿರುತ್ತಾರೆ, ಹಾವು ಹಿಡಿದಿರುತ್ತಾರೆ. ಎಲ್ಲ ಕೆಲಸವನ್ನೂ ಅವರ ಮೇಲೆ ಹೇರಿ, ವಿಷಾನಿಲದ ಶಾಸ್ತ್ರವೂ ನಿಮಗೆ ಬಾಯಿಪಾಠವಿರಬೇಕು ಎನ್ನುವುದು ಅವರಿಗೆ ಮಾಡುವ ಅನ್ಯಾಯ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ತೊಟ್ಟಿಗಳ ಸಾವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್, ನೊಯ್ಯಲ್ ನದಿಗೆ ಬಣ್ಣದ ನೀರು ಬಿಡುತ್ತಿದ್ದ ತಿರುಪ್ಪೂರಿನ ಕಾರ್ಖಾನೆಗಳನ್ನು ಮುಚ್ಚಿಸಿತು. ಒಂದು ಹನಿಯೂ ಹೊರಗೆ ಬಿಡಬಾರದು ಎಂಬ ಕಟ್ಟುಪಾಡಿನ ಮೇಲೆ ಅವು ಮತ್ತೆ ತೆರೆದವು. ನದಿಗೆ ಅದು ನ್ಯಾಯ, ನಾನು ಅದನ್ನು ಮನಸಾರೆ ಒಪ್ಪಿದವನು. ಆ ನೀರೆಲ್ಲ ಈಗ ತೊಟ್ಟಿಗಳಲ್ಲಿ, ಸಂಸ್ಕರಣಾ ಘಟಕಗಳಲ್ಲಿ ನಿಲ್ಲುತ್ತದೆ. ನಿಂತ ನೀರಿನ ಕೆಸರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಂಚ ಇದ್ದಾಗ ಕೊಳೆತ ಮೊಟ್ಟೆಯ ನಾತ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗದಷ್ಟಾದರೆ ಮೂಗು ಸತ್ತುಹೋಗುತ್ತದೆ, ನಾತವೇ ತಿಳಿಯುವುದಿಲ್ಲ. ಕೆಳಗಿಳಿದವನು ನಾತ ಹೋಯಿತು ಎಂದುಕೊಳ್ಳುವ ಹೊತ್ತಿಗೆ ಕುಸಿದಿರುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನಿಗಾಗಿ ಮತ್ತೊಬ್ಬ. ಪತ್ರಿಕೆಯಲ್ಲಿ ತೊಟ್ಟಿ ಸ್ವಚ್ಛಗೊಳಿಸಲು ಇಳಿದ ಇಬ್ಬರ ಸಾವು, ಮೂವರ ಸಾವು ಎಂದು ಓದಿದಾಗ ನನಗೆ ಆ ಸಾಲು ಗೊತ್ತಾಗುತ್ತದೆ: ಮೊದಲನೆಯವನು ಕೆಲಸಕ್ಕೆ ಇಳಿದವನು, ಉಳಿದವರು ಅವನ ಮೇಲಿನ ಪ್ರೀತಿಗೆ ಇಳಿದವರು.

ಗಾಳಿ ಪರೀಕ್ಷಿಸದೆ, ಉಸಿರಾಟದ ಸಲಕರಣೆ, ಬೆಲ್ಟು, ಹಗ್ಗ ಇಲ್ಲದೆ ಇಂಥ ಜಾಗಕ್ಕೆ ಯಾರನ್ನೂ ಇಳಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ನೇ ಹೇಳಿತ್ತು. ನಾನು ಕೆಲಸಗಾರರಿಗೆ ಈ ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದುನಿಂತು ಕೇಳಿದ:

"ಅಣ್ಣಾ, ನಮ್ಮವನು ಒಳಗೆ ಬಿದ್ದು ಒದ್ದಾಡ್ತಿರುವಾಗ ಮೇಲೆ ನಿಂತು ನೋಡು ಅಂತೀರಾ?"

"ನೋಡು ಅನ್ನಲ್ಲಪ್ಪಾ. ಫೋನ್ ಮಾಡು, ಹಗ್ಗ ಇಳಿಸು, ಮೇಲಿಂದ ಗಾಳಿ ಊದಿಸು. ಇಳೀಬೇಡ."

"ಫೋನ್ ಮಾಡಿದರೆ ಯಾರು ಬರ್ತಾರೆ? ಬರೋಷ್ಟರಲ್ಲಿ ಅವನು ಇರ್ತಾನಾ?"

ಅವನ ಪ್ರಶ್ನೆಯಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಮಿದುಳು ಆಮ್ಲಜನಕವಿಲ್ಲದೆ ತಾಳುವುದು ಕೆಲವೇ ನಿಮಿಷ. ಕಾರ್ಖಾನೆಯೊಳಗೇ ಉಸಿರಾಟದ ಸಲಕರಣೆಯೊಂದಿಗೆ ಇಬ್ಬರು ತಯಾರಿರಬೇಕು, ಅದು ಮಾಲೀಕರ ಹೊಣೆ. ಆದರೆ ಚಿಕ್ಕ ಘಟಕಗಳ ಮಾಲೀಕರಿಗೆ ಕಲಿಸುವವರು, ವರ್ಷಕ್ಕೆ ಎರಡು ಸಲ ಬಂದು ಹಗ್ಗ, ಮಾಸ್ಕು ಪರೀಕ್ಷಿಸುವವರು, ಮಾಸ್ಕಿಲ್ಲದೆ ತೊಟ್ಟಿಯ ಮುಚ್ಚಳ ತೆಗೆದವರಿಗೆ ದಂಡ ಹಾಕುವವರು ಯಾರು? ನಾನು ಕೇಳುವ ತಂಡ ಹೆಚ್ಚಿನ ದಿನಗಳಲ್ಲಿ ಮಾಡಬೇಕಾದ ಕೆಲಸ ಇದೇ. ಅಪಘಾತವಿಲ್ಲದ ದಿನ ಅವರು ಸುಮ್ಮನೆ ಕೂರುತ್ತಾರೆ ಎನ್ನುವವರು ಒಂದು ವಾರ ಪಲ್ಲಡಂ ರಸ್ತೆಯಲ್ಲಿ ಘಟಕದಿಂದ ಘಟಕಕ್ಕೆ ನನ್ನೊಡನೆ ಬರಲಿ.

ನಮ್ಮೂರಿನ ವಾಯುನೆಲೆಯಲ್ಲಿ ಇಷ್ಟೊಂದು ಹೆಲಿಕಾಪ್ಟರ್‌ಗಳಿವೆಯಲ್ಲ, ಸೇನೆ ಬರುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಬರುತ್ತಾರೆ, ಬಂದಿದ್ದಾರೆ. 2023ರ ಏಪ್ರಿಲ್‌ನಲ್ಲಿ ಆಲಂದುರೈ ಬಳಿಯ ಕಾಡಿಗೆ ಬೆಂಕಿ ಬಿದ್ದಾಗ ಸೂಲೂರಿನ ಎಂಐ-17 ಹೆಲಿಕಾಪ್ಟರ್ ಮಲಂಪುಳ ಜಲಾಶಯದಿಂದ ನೀರು ಮೊಗೆದು ಸುರಿಯಿತು. 2023ರ ಡಿಸೆಂಬರ್‌ನಲ್ಲಿ ತಿರುನೆಲ್ವೇಲಿ, ತೂತ್ತುಕುಡಿ ಮುಳುಗಿದಾಗಲೂ, 2024ರ ಜುಲೈನಲ್ಲಿ ವಯನಾಡಿನ ಗುಡ್ಡ ಕುಸಿದಾಗಲೂ ಇಲ್ಲಿಂದ ಹಾರಿದರು. ವೆಳ್ಳಲೂರಿನಲ್ಲಿ ಕ್ಷಿಪ್ರ ಕಾರ್ಯಪಡೆಯ 105ನೇ ಬೆಟಾಲಿಯನ್ ಇದೆ, ಅದು ಮುಖ್ಯವಾಗಿ ಗಲಭೆ ಹತ್ತಿಕ್ಕಲು ಇರುವ ಪಡೆ. ಇವರೆಲ್ಲರ ಸಹಾಯ ದೊಡ್ಡದು. ಮೊದಲ ಅರ್ಧ ಗಂಟೆಯ ಕೆಲಸ ಮಾತ್ರ ಇವರದಲ್ಲ.

ಅದನ್ನು ನಮ್ಮೂರಿಗೆ ಕಲಿಸಿದ್ದು 2021ರ ಡಿಸೆಂಬರ್ 8. ಆ ದಿನ 11 ಗಂಟೆ 48 ನಿಮಿಷಕ್ಕೆ ಸೂಲೂರಿನಿಂದ ಎದ್ದ ಹೆಲಿಕಾಪ್ಟರಿನಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಸೇರಿ 14 ಮಂದಿ ಇದ್ದರು. 12.15ಕ್ಕೆ ವೆಲಿಂಗ್ಟನ್‌ನಲ್ಲಿ ಇಳಿಯಬೇಕಿತ್ತು. 12.08ರ ಹೊತ್ತಿಗೆ ಸೂಲೂರಿನ ನಿಯಂತ್ರಣ ಕೊಠಡಿಗೆ ಸಂಪರ್ಕ ತಪ್ಪಿತು. ಕೂನೂರಿನ ಹತ್ತಿರದ ನಂಜಪ್ಪಛತ್ರಂ ಎಂಬ ಪುಟ್ಟ ವಸತಿಯ ಪಕ್ಕ ಅದು ಉರಿಯುತ್ತ ಬಿದ್ದಿತ್ತು. ದೇಶದ ಅತ್ಯಂತ ದೊಡ್ಡ ಸೇನಾಧಿಕಾರಿ, ಒಂದು ಕಡೆ ವಾಯುನೆಲೆ, ಇನ್ನೊಂದು ಕಡೆ ಸೈನ್ಯದ ಕಾಲೇಜು. ಆದರೂ ಮೊದಲು ಅಲ್ಲಿಗೆ ಓಡಿದವರು ಚಹಾ ತೋಟದ ಕೂಲಿ ಜನ. ಕೊಡ, ಬಕೆಟ್‌ಗಳಲ್ಲಿ ನೀರು ತಂದು ಎರಚಿದರು. ಅಗ್ನಿಶಾಮಕ ವಾಹನ ಆ ಇಳಿಜಾರಿಗೆ ಇಳಿಯಲು ದಾರಿಯಿರಲಿಲ್ಲ. ಗಾಯಾಳುಗಳನ್ನು, ಸತ್ತವರನ್ನು ಹೊತ್ತು ತರಲು ಆ ಜನ ತಮ್ಮ ಮನೆಯ ಕಂಬಳಿ, ಹೊದಿಕೆಗಳನ್ನು ಕೊಟ್ಟರು. ಚಳಿಗಾಲದ ನೀಲಗಿರಿಯಲ್ಲಿ ಹೊದೆಯುವ ಕಂಬಳಿ ಬಡವರ ಮನೆಯಲ್ಲಿ ಒಂದೋ ಎರಡೋ ಇರುತ್ತದೆ. ಬದುಕುಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರ ಹೋರಾಡಿ ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆ ಊರಿನ ಜನರಂಥ ಜನ ಎಲ್ಲ ಕಡೆ ಇದ್ದಾರೆ. ಅಪಘಾತವಾದರೆ ಓಡಿಬರುವವರು ಅವರೇ. ಹೆಲಿಕಾಪ್ಟರಿನ ಜಾಗದಲ್ಲಿ ಕ್ಲೋರಿನ್ ಟ್ಯಾಂಕರ್ ಇದ್ದಿದ್ದರೆ ಆ ಓಟವೇ ಅವರನ್ನು ಕೊಲ್ಲುತ್ತಿತ್ತು. ಟೋಕಿಯೊದ ಸುರಂಗ ರೈಲಿನಲ್ಲಿ 1995ರ ಮಾರ್ಚ್ 20ರಂದು ಸಾರಿನ್ ವಿಷ ಹರಡಿದಾಗ, ರೋಗಿಗಳ ಬಟ್ಟೆಯಿಂದ ಎದ್ದ ವಿಷಕ್ಕೆ ಆಸ್ಪತ್ರೆಯ ವೈದ್ಯರು, ದಾದಿಯರೇ ಅಸ್ವಸ್ಥರಾದರು. ಬಂದವರ ಬಟ್ಟೆ ಕಳಚಿ, ಮೈ ತೊಳೆದು ಒಳಗೆ ಬಿಡಬೇಕೆಂಬುದಕ್ಕೆ ಅಲ್ಲಿ ತಯಾರಿ ಇರಲಿಲ್ಲ. ಅದೇ ವರ್ಷದ ಕೋಬೆ ಭೂಕಂಪದಿಂದ ಪಾಠ ಕಲಿತು, ಮರುವರ್ಷವೇ ಟೋಕಿಯೊ ಅಗ್ನಿಶಾಮಕ ಇಲಾಖೆ ವಿಶೇಷ ರಕ್ಷಣಾ ತಂಡವನ್ನು ಕಟ್ಟಿತು. ನಮ್ಮಲ್ಲಿ 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿ 12 ಜನ ಸತ್ತಾಗ, ರಾಸಾಯನಿಕ ತಜ್ಞತೆಯ ಎನ್‌ಡಿಆರ್‌ಎಫ್ ತಂಡವನ್ನು ಪುಣೆಯಿಂದ ವಿಮಾನದಲ್ಲಿ ತರಬೇಕಾಯಿತು.

ಕಾನೂನು ಇಲ್ಲವೆಂದಲ್ಲ. 1996ರ ರಾಸಾಯನಿಕ ಅಪಘಾತಗಳ ನಿಯಮದಡಿ ಜಿಲ್ಲಾ ಮಟ್ಟದಲ್ಲಿ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು. ಅಣಕು ಕಾರ್ಯಾಚರಣೆ ಎಂದು ದಿನ ಗೊತ್ತುಮಾಡಿ, ಹೊಗೆ ಬಿಟ್ಟು, ಸ್ಟ್ರೆಚರ್ ಹೊತ್ತು ಓಡುವ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಹೇಳದೆ ಕೇಳದೆ, ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ ಒಮ್ಮೆ ನಡೆಸಿ ನೋಡಿದರೆ ಎಲ್ಲಿ ಕೊರತೆಯಿದೆ ಎಂದು ತಿಳಿಯುತ್ತದೆ. ಒಂದು ಮುಖ್ಯ ಬದಲಾವಣೆಯೂ ಆಗಿದೆ: 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ವಿಪತ್ತು ನಿರ್ವಹಣಾ ತಿದ್ದುಪಡಿ ಕಾಯ್ದೆಯಂತೆ, ರಾಜಧಾನಿಗಳಲ್ಲೂ ಮಹಾನಗರ ಪಾಲಿಕೆ ಇರುವ ದೊಡ್ಡ ನಗರಗಳಲ್ಲೂ ರಾಜ್ಯ ಸರ್ಕಾರಗಳು ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಬಹುದು. ಇದು ಒಳ್ಳೆಯ ಹೆಜ್ಜೆ. ಆದರೆ ಇಲ್ಲೊಂದು ತೊಡಕಿದೆ. ಕೊಯಮತ್ತೂರಿಗೆ ಪಾಲಿಕೆ ಇದೆ, ತಿರುಪ್ಪೂರಿಗೆ ಪಾಲಿಕೆ ಇದೆ. ನಡುವಿನ ಸೂಲೂರು, ಇರುಗೂರು, ಸೋಮನೂರು, ಪಲ್ಲಡಂ ಆ ಗಡಿಗಳ ಹೊರಗಿವೆ. ನಗರದಿಂದ ದೂರವಿರಲಿ ಎಂದು ತಂದಿಟ್ಟ ಅಪಾಯಕಾರಿ ಸರಕೆಲ್ಲ ಇರುವುದು ಈ ಹೊರವಲಯದಲ್ಲೇ. ಸಾಲದ್ದಕ್ಕೆ 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾದ ಮೇಲೆ ಸೂಲೂರು ಒಬ್ಬ ಕಲೆಕ್ಟರ್ ಕೈಯಲ್ಲಿ, ಪಲ್ಲಡಂ ಇನ್ನೊಬ್ಬರ ಕೈಯಲ್ಲಿ. ಅನಿಲಕ್ಕೆ ಜಿಲ್ಲೆಯ ಗಡಿ ಗೊತ್ತಿಲ್ಲ. ಎರಡೂ ಪಾಲಿಕೆಗಳು, ಎರಡೂ ಜಿಲ್ಲೆಗಳು ಸೇರಿ ಒಂದೇ ತಂಡ ಕಟ್ಟಲು ತಮಿಳುನಾಡು ಸರ್ಕಾರ ಆದೇಶ ಹೊರಡಿಸಬೇಕು.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗೂ ಇದೇ ಮಾತು. ಪೀಣ್ಯದ ಇಕ್ಕಟ್ಟಾದ ಶೆಡ್ಡುಗಳು, ಮಂಗಳೂರಿನ ಬೈಕಂಪಾಡಿ, ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯ ತೈಲ ಸಂಗ್ರಹಾಗಾರ, ಎಲ್ಲವೂ ಒಂದು ಕಾಲಕ್ಕೆ ಊರ ಹೊರಗಿದ್ದವು. ಈಗ ಅವುಗಳ ಕಾಂಪೌಂಡಿನ ಪಕ್ಕದಲ್ಲೇ ಮನೆಗಳಿವೆ. ನಿಮ್ಮ ಶಾಸಕರನ್ನು ಒಮ್ಮೆ ಕೇಳಿ: ಅಲ್ಲಿ ವಿಷಾನಿಲ ಸೋರಿದರೆ ಮುಚ್ಚಿದ ಉಡುಪು ತೊಟ್ಟು ವಾಲ್ವಿನವರೆಗೆ ನಡೆದುಹೋಗಬಲ್ಲವರು ಎಷ್ಟು ಜನ, ಅವರು ಎಲ್ಲಿಂದ ಬರುತ್ತಾರೆ?

ಹಣದ ಮಾತು ಬರುತ್ತದೆ. ಅಗ್ನಿಶಾಮಕ ಸೇವೆಗಳ ವಿಸ್ತರಣೆ, ಆಧುನೀಕರಣಕ್ಕೆಂದು ಕೇಂದ್ರ ಸರ್ಕಾರ 2023ರಲ್ಲಿ ರಾಜ್ಯಗಳಿಗೆ 5,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ಗಗನಚುಂಬಿ ಕಟ್ಟಡಗಳ ಎತ್ತರಕ್ಕೆ ಏರುವ ಏಣಿ ವಾಹನಗಳಿಗೆ ಕೋಟಿಗಟ್ಟಲೆ ಸುರಿಯುತ್ತಾರೆ, ಸುರಿಯಲಿ. ಆದರೆ ಅನಿಲ ಅಳೆಯುವ ಉಪಕರಣ, ಉಸಿರಾಟದ ಸೆಟ್ಟುಗಳು, ಪೂರ್ತಿ ಮುಚ್ಚುವ ಉಡುಪು, ಸೋರುವ ಸಿಲಿಂಡರಿಗೆ ಬಿಗಿಯುವ ಕಿಟ್, ಮೈ ತೊಳೆಯಲು ಸಾಗಿಸಬಲ್ಲ ಶವರ್, ಇವನ್ನೆಲ್ಲ ಹೊತ್ತ ಎರಡು ವಾಹನಗಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ದೊಡ್ಡ ಖರ್ಚು ಜನರದ್ದು, ವರ್ಷವಿಡೀ ಸಂಬಳ, ವರ್ಷವಿಡೀ ಅಭ್ಯಾಸ. ಅಲ್ಲಿ ಕೈ ಬಿಗಿಹಿಡಿದರೆ ವಾಹನಗಳು ಶೆಡ್ಡಿನಲ್ಲಿ ಧೂಳು ತಿನ್ನುತ್ತವೆ.

ಜನ ಎಲ್ಲಿಂದ ತರುವುದು ಎಂಬ ಚಿಂತೆಯೂ ಬೇಡ. ವಾಯುನೆಲೆ ಇರುವ ಊರು ಇದು, ಸೇವೆ ಮುಗಿಸಿದ ವಾಯುಪಡೆಯವರಲ್ಲಿ ವಿಮಾನದ ಬೆಂಕಿ ಆರಿಸುವ ತರಬೇತಿ ಪಡೆದವರು ಇರುತ್ತಾರೆ. ಇನ್ನೂ ನಲವತ್ತು ದಾಟಿರದ ಗಟ್ಟಿಗರು, ಸೆಕ್ಯುರಿಟಿ ಕೆಲಸಕ್ಕೆ ಸೇರುವ ಬದಲು ಈ ತಂಡಕ್ಕೆ ಬರಲಿ. ಅಗ್ನಿಶಾಮಕ ದಳದಿಂದ ಆಸಕ್ತಿ ಇರುವವರನ್ನು ಆರಿಸಿ ಅರಕ್ಕೋಣಂನಲ್ಲೇ ತರಬೇತಿ ಕೊಡಿಸಲಿ. ಯಾವ ಗೋದಾಮಿನಲ್ಲಿ ಯಾವ ಡ್ರಮ್ಮಿನ ಪಕ್ಕ ಯಾವುದನ್ನು ಇಡಬಾರದು, ಯಾವ ಬೆಂಕಿಗೆ ನೀರು, ಯಾವುದಕ್ಕೆ ಮರಳು ಎಂದು ಘಟಕದಿಂದ ಘಟಕಕ್ಕೆ ಹೋಗಿ ಪಟ್ಟಿ ಮಾಡಿಕೊಡಲು ನಮ್ಮಂಥ ನಿವೃತ್ತ ಲ್ಯಾಬಿನವರು ತಿರುಪ್ಪೂರಿನಲ್ಲಿ, ಸೂಲೂರಿನಲ್ಲಿ ಬೇಕಾದಷ್ಟು ಜನ ಇದ್ದೇವೆ. ನಮಗೆ ಸಂಬಳ ಬೇಡ. ಪಟ್ಟಿಯನ್ನು ಯಾವ ಕಚೇರಿಗೆ ಕೊಡಬೇಕು, ಅದನ್ನು ಓದುವವರು ಯಾರು ಎಂದು ಎರಡೂ ಜಿಲ್ಲೆಗಳ ಕಲೆಕ್ಟರುಗಳು ಹೇಳಿದರೆ ಮುಂದಿನ ವಾರವೇ ಕೆಲಸ ಶುರುಮಾಡುತ್ತೇವೆ.